ದೊಡ್ಡಪ್ಪನ ಮುಷ್ಟಿ

ದೊಡ್ಡಪ್ಪ ಹೋದ ಮೇಲೆ ಊರಿನವರೆಲ್ಲ ಅವರ ಒಳ್ಳೆಯತನದ ಮಾತಾಡಿದರು. ನನಗೆ ಅವರ ಕೈಯ ಬಗ್ಗೆ ಹೇಳಬೇಕು. ಕೋಲಾರದ ಕಡೆ ಸೀಮೆಹಸು ಕಟ್ಟಿದವರಿಗೆ ಗೊತ್ತು, ಹಾಲು ಕರೆಯುವುದು ಎಂಥ ಹದದ ಕೆಲಸ ಅಂತ. ದೊಡ್ಡಪ್ಪ ಬೆಚ್ಚನೆ ನೀರಲ್ಲಿ ಕೆಚ್ಚಲು ತೊಳೆದು ಒರೆಸಿ, ಮೊದಲ ಎರಡು ಮೂರು ಧಾರೆಯನ್ನು ಬೇರೆ ಬಟ್ಟಲಿಗೆ ಕರೆದು, ಬೆಳಕಿಗೆ ಹಿಡಿದು ನೋಡುವರು. ಸಣ್ಣ ಗರಣೆ ಕಂಡರೂ ಕೆಚ್ಚಲು ಬಾವಿನ ಸುಳಿವು. ಆ ಹಾಲು ಡೈರಿಗೆ ಹೋಗುತ್ತಿರಲಿಲ್ಲ. ಆಮೇಲೆ ಇಡೀ ಮುಷ್ಟಿಯಲ್ಲಿ ಕರೆಯುವರು. ಹೆಬ್ಬೆರಳು ಮಡಿಸಿ ಎಳೆದರೆ ಮೊಲೆತೊಟ್ಟಿಗೆ ಪೆಟ್ಟು.

ಕೆಚ್ಚಲು ತೊಳೆದಾಗ ಹಸುವಿನ ಮೈಯಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೊಮ್ಮಿ ಹಾಲು ಇಳಿಯುತ್ತದೆ. ಅದರ ಪ್ರಭಾವ ಕೆಲವೇ ನಿಮಿಷ. ಹಸು ಬೆದರಿದರೆ ಹಾಲು ನಿಂತೇ ಹೋಗುತ್ತದೆ. ಹಾಗೆ ಉಳಿದುಹೋಗುವ ಕೊನೆಯ ಹಾಲಲ್ಲೇ ಫ್ಯಾಟ್ ಹೆಚ್ಚು. ದೊಡ್ಡಪ್ಪ ಆ ಹಾರ್ಮೋನಿನ ಹೆಸರು ಕೇಳಿದವರಲ್ಲ. ಆದರೂ ಕರೆಯುವ ಹೊತ್ತಲ್ಲಿ ಹೊಸಬರನ್ನು ಕೊಟ್ಟಿಗೆಗೆ ಬಿಡುತ್ತಿರಲಿಲ್ಲ.

ಡೈರಿಯ ಬಟವಾಡೆಯ ದಿನ ಮಕ್ಕಳ ಸ್ಕೂಲ್ ಫೀಜು ಮೊದಲು, ಹಿಂಡಿ-ಬೂಸಾದ ಬಾಕಿ ಆಮೇಲೆ. ಹೆಣ್ಣುಮಕ್ಕಳಿಬ್ಬರೂ ಆ ದುಡ್ಡಲ್ಲೇ ಡಿಗ್ರಿ ಮುಗಿಸಿದರು. ಮಂಡಿನೋವು ಬಂದು ಕೆಲಸ ಮಗನಿಗೆ ಬಿಟ್ಟ ಮೇಲೆ, ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮುಷ್ಟಿ ಹಿಡಿಯುವುದನ್ನು ಕಲಿಸಿದರು. ಈಗ ಬೆಳಗಿನ ಹಾಲು ಕರೆಯುವವಳು ಅವಳೇ.