ಸಾಲು ತಪ್ಪದ ಕ್ಸೆನಾನ್

ಬಯಲಲ್ಲಿ ಅನಿಲದ ಪರಮಾಣುಗಳು ಒಂದನ್ನೊಂದು ದಾಟಿ ಹರಡುತ್ತವೆ. ಅರ್ಧ ನ್ಯಾನೋಮೀಟರಿನಷ್ಟು ಅಗಲದ ನಾಳದಲ್ಲಿ ಆ ಸ್ವಾತಂತ್ರ್ಯವಿಲ್ಲ. ಸುಮಾರು 0.44 ನ್ಯಾನೋಮೀಟರ್ ವ್ಯಾಸದ ಕ್ಸೆನಾನ್ ಪರಮಾಣು ಮುಂದಿನದನ್ನು ಹಿಂದಿಕ್ಕಲಾರದು. ಕ್ರಮ ಬದಲಾಗದ ಸಾಲಿನಲ್ಲೇ ಅದು ತಡಕಾಡುತ್ತದೆ. ಸಾಮಾನ್ಯ ವಿಸರಣೆಯಲ್ಲಿ ಸ್ಥಾನಪಲ್ಲಟದ ವರ್ಗದ ಸರಾಸರಿ ಕಾಲದ ಜೊತೆ ನೇರವಾಗಿ ಬೆಳೆದರೆ, ಇಲ್ಲಿ ಕಾಲದ ವರ್ಗಮೂಲದಂತೆ ಬೆಳೆಯುತ್ತದೆ. ಕಾಲ 4 ಪಟ್ಟಾದರೂ ಅದು 2 ಪಟ್ಟು ಮಾತ್ರ.

ಕಣ್ಣಿಗೆ ಕಾಣದ ಈ ನೂಕುನುಗ್ಗಲನ್ನು ಅಳೆಯುವ ಕಾಂತೀಯ ಅನುರಣನ ವಿಧಾನ ನಿಜಕ್ಕೂ ಸುಂದರವಾದದ್ದು. ಕ್ಸೆನಾನ್‌ನ ಎಲೆಕ್ಟ್ರಾನ್ ಮೋಡ ಮೃದು. ಗೋಡೆ ಒತ್ತಿದರೆ ಕ್ಸೆನಾನ್-129 ಪರಮಾಣು ಬೀಜದ ಅನುರಣನದ ಆವೃತ್ತಿ ಸರಿಯುತ್ತದೆ. ಹಾಗಾಗಿ ನಾಳದೊಳಗಿನ ಪರಮಾಣುವೂ ಹೊರಗಿನದೂ ರೋಹಿತದಲ್ಲಿ ಬೇರೆ ಬೇರೆ ಗೆರೆಗಳಾಗಿ ಮೂಡುತ್ತವೆ. ಅನಿಲದ ಸಂಕೇತ ಬಹಳ ಕ್ಷೀಣ. ಅದಕ್ಕೆ ರುಬಿಡಿಯಮ್ ಆವಿಗೆ ವೃತ್ತೀಯ ಧ್ರುವೀಕೃತ ಲೇಸರ್ ಹಾಯಿಸಿ, ಆ ಧ್ರುವೀಕರಣವನ್ನು ಡಿಕ್ಕಿಗಳ ಮೂಲಕ ಕ್ಸೆನಾನ್ ಬೀಜಗಳಿಗೆ ದಾಟಿಸುತ್ತಾರೆ. ಸಂಕೇತ ಸಾವಿರಾರು ಪಟ್ಟು ಹಿಗ್ಗುತ್ತದೆ.

ಜಾಣತನ ಇರುವುದು ಮುಂದಿನ ಹೆಜ್ಜೆಯಲ್ಲಿ. ರೇಡಿಯೋ ಸ್ಪಂದನಗಳಿಂದ ಒಳಗಿನ ಸಂಕೇತವನ್ನಷ್ಟೇ ಅಳಿಸಿ, ನಾಳದ ಬಾಯಿಯಿಂದ ಹೊಸ ಧ್ರುವೀಕೃತ ಪರಮಾಣುಗಳು ಒಳಬರುವುದನ್ನು ಕಾಯುತ್ತಾರೆ. ಮರಳುವ ಸಂಕೇತ ಅವು ಸಾಗಿದ ದೂರವನ್ನು, ಅಂದರೆ ಸ್ಥಾನಪಲ್ಲಟದ ವರ್ಗದ ಸರಾಸರಿಯ ವರ್ಗಮೂಲವನ್ನು, ಅನುಸರಿಸುತ್ತದೆ. ಹಾಗಾಗಿ ಮೊದಮೊದಲು ಅದು ಕಾಲದ ವರ್ಗಮೂಲದಂತೆ ಏರಿದರೆ ಸಾಮಾನ್ಯ ವಿಸರಣೆ, ನಾಲ್ಕನೆಯ ಮೂಲದಂತೆ ಏರಿದರೆ ಸಾಲಿನ ವಿಸರಣೆ.