ಅಳೆಯುವವರಿಗೆ ಅಳತೆ ಕಲಿಸಿದವರಾರು?

ಒಂದು ಮಗುವಿನ ಬುದ್ಧಿ ಎಷ್ಟು, ರೋಗಿಯ ಖಿನ್ನತೆ ಎಷ್ಟು ಆಳವಾದದ್ದು, ಅಭ್ಯರ್ಥಿ ನೌಕರಿಗೆ ತಕ್ಕವನೇ ಎಂಬುದನ್ನೆಲ್ಲ ಇಂದು ಅಂಕಿಗಳು ಹೇಳುತ್ತವೆ. ನಾವು ಅವುಗಳನ್ನು ನಂಬುತ್ತೇವೆ. ಅವುಗಳ ಹಿಂದೆ ಓದಿದವರು ಇದ್ದಾರೆಂಬುದು ನಮ್ಮ ಭರವಸೆ. ಆದರೆ ಆ ಓದಿದವರು ಅಳತೆಯ ವಿದ್ಯೆಯನ್ನು ಎಷ್ಟು ಓದಿರುತ್ತಾರೆ? ಅಮೆರಿಕದ ಮನಶ್ಶಾಸ್ತ್ರಜ್ಞರು ಈ ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಂಡದ್ದುಂಟು. ಲಿಯೋನಾ ಏಕನ್, ಸ್ಟೀಫನ್ ವೆಸ್ಟ್, ಲೀ ಸೆಕ್ರೆಸ್ಟ್ ಮತ್ತು ರೇಮಂಡ್ ರೀನೋ 1990ರಲ್ಲಿ 'ಅಮೆರಿಕನ್ ಸೈಕಾಲಜಿಸ್ಟ್' ಪತ್ರಿಕೆಯಲ್ಲಿ ಪ್ರಕಟಿಸಿದ ಸಮೀಕ್ಷೆ ಈಗಲೂ ಓದಬೇಕಾದ ಬರಹ.

ಅಮೆರಿಕ ಮತ್ತು ಕೆನಡಾದಲ್ಲಿ ಮನಶ್ಶಾಸ್ತ್ರದ ಪಿಎಚ್.ಡಿ. ನೀಡುವ 222 ವಿಭಾಗಗಳಿಗೆ ಪ್ರಶ್ನಾವಳಿ ಹೋಯಿತು. ಶೇ. 84ರಷ್ಟು ವಿಭಾಗಗಳು ಉತ್ತರಿಸಿದವು. ಬಂದ ಚಿತ್ರ ಹಿತವಾದದ್ದಲ್ಲ. ಸಂಖ್ಯಾಶಾಸ್ತ್ರದ ಪಾಠ 20 ವರ್ಷಗಳಲ್ಲಿ ಹೆಚ್ಚೇನೂ ಮುಂದೆ ಸಾಗಿರಲಿಲ್ಲ. ಮಾಪನದ ಪಾಠವಂತೂ ಸಾಕಷ್ಟು ಇಳಿದುಹೋಗಿತ್ತು. ಹೊಸ ಪದವೀಧರರು ಹಳೆಯ ವಿಧಾನಗಳಲ್ಲಿ ನುರಿತವರು, ಹೆಚ್ಚು ಉಪಯುಕ್ತವಾದ ಹೊಸ ವಿಧಾನಗಳಲ್ಲಿ ಅಲ್ಲ. ದೊಡ್ಡ ಹೆಸರಿನ ವಿಶ್ವವಿದ್ಯಾನಿಲಯಗಳೂ ಉಳಿದವುಗಳಿಗಿಂತ ಮೇಲೇನಲ್ಲ.

ಇದರಲ್ಲಿ ಮಾಪನದ ಮಾತನ್ನೇ ನಾವು ಗಂಭೀರವಾಗಿ ತೆಗೆದುಕೊಳ್ಳಬೇಕು. ಸಂಖ್ಯಾಶಾಸ್ತ್ರ ಕಲಿತವನು ಲೆಕ್ಕ ತಪ್ಪದಂತೆ ನೋಡಿಕೊಳ್ಳುತ್ತಾನೆ. ಆದರೆ ತಕ್ಕಡಿ ಒಂದೊಂದು ಬಾರಿ ಒಂದೊಂದು ತೂಕ ತೋರಿಸಿದರೆ, ಅಥವಾ ಅಕ್ಕಿಯ ಬದಲು ಚೀಲವನ್ನೇ ತೂಗುತ್ತಿದ್ದರೆ, ಲೆಕ್ಕ ಸರಿಯಿದ್ದು ಏನು ಫಲ? ವಿಶ್ವಾಸಾರ್ಹತೆ, ಸಪ್ರಮಾಣತೆ ಎಂದು ಪಠ್ಯಪುಸ್ತಕಗಳು ಕರೆಯುವುದು ಇದನ್ನೇ. ಇನ್ನು ಮೊದಲ ವರ್ಷದ ಸಂಖ್ಯಾಶಾಸ್ತ್ರದ ಬೆನ್ನೆಲುಬಾದ ವಿಚರಣ ವಿಶ್ಲೇಷಣೆ, ಆರ್. ಎ. ಫಿಷರ್ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದ ಹೊಲಗಳಲ್ಲಿ ಬೆಳೆಸಿದ ವಿಧಾನ. ಯಾವ ತುಂಡು ನೆಲಕ್ಕೆ ಯಾವ ಗೊಬ್ಬರ ಎಂದು ಚೀಟಿ ಎತ್ತಿ ನಿರ್ಧರಿಸಬಹುದು. ಯಾವ ಮಗುವಿಗೆ ಬಡತನ ಎಂದು ಚೀಟಿ ಎತ್ತಲಾಗುವುದಿಲ್ಲ. ಪ್ರಯೋಗಾಲಯದ ಹೊರಗಿನ ಬದುಕನ್ನು ಅಧ್ಯಯನ ಮಾಡುವ ವಿದ್ಯಾರ್ಥಿಗೆ ಬೇರೆಯೇ ಸಲಕರಣೆಗಳು ಬೇಕು. ಅವೇ ಅವನಿಗೆ ಸಿಗುತ್ತಿರಲಿಲ್ಲ.

ಇದು ಪಂಡಿತರ ಮನೆಯೊಳಗಿನ ಜಗಳವಲ್ಲ. ಕ್ಯಾಲಿಫೋರ್ನಿಯಾದಲ್ಲಿ ಬುದ್ಧಿಮಾಪನದ ಅಂಕ ಹಿಡಿದು ಕಪ್ಪು ಮಕ್ಕಳನ್ನು, ಅವರ ಜನಸಂಖ್ಯೆಯ ಪಾಲಿಗಿಂತ ಬಹಳ ಹೆಚ್ಚಾಗಿ, ಮಂದಬುದ್ಧಿಯವರ ತರಗತಿಗಳಿಗೆ ತಳ್ಳಲಾಗುತ್ತಿತ್ತು. 'ಲ್ಯಾರಿ ಪಿ.' ಪ್ರಕರಣ ಎಂದು ಹೆಸರಾದ ಮೊಕದ್ದಮೆಯಲ್ಲಿ ನ್ಯಾಯಾಧೀಶ ರಾಬರ್ಟ್ ಪೆಕ್‌ಹ್ಯಾಮ್ 1979ರಲ್ಲಿ ತೀರ್ಪಿತ್ತರು: ಈ ಮಕ್ಕಳನ್ನು ಆ ತರಗತಿಗಳಿಗೆ ಹಾಕಲು ಈ ಪರೀಕ್ಷೆಗಳು ತಕ್ಕವೆಂದು ಯಾರೂ ಸಾಬೀತುಪಡಿಸಿಲ್ಲ. ಪಿಎಚ್.ಡಿ. ತರಗತಿಯಲ್ಲಿ ಕೇಳಬೇಕಾದ ಪ್ರಶ್ನೆಯನ್ನು ನ್ಯಾಯಾಲಯ ಕೇಳಬೇಕಾಯಿತು!

ನಮ್ಮಲ್ಲಿ ಈ ಎಚ್ಚರ ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿ, ಅಪವರ್ತನ ವಿಶ್ಲೇಷಣೆಗೆ ಬುನಾದಿ ಹಾಕಿದ ಲಂಡನ್ನಿನ ಸ್ಪಿಯರ್‌ಮನ್‌ರ ಶಿಷ್ಯರು. ವಿ. ವಿ. ಕಾಮತರು ಬಿನೆಯ ಬುದ್ಧಿಮಾಪನವನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಅಳವಡಿಸಿ 1940ರಲ್ಲಿ ಪುಸ್ತಕ ತಂದರು. ಪ್ರಶ್ನೆಗಳನ್ನು ಭಾಷಾಂತರಿಸಿದರೆ ಸಾಲದು, ಇಲ್ಲಿನ ಮಕ್ಕಳ ಮೇಲೆಯೇ ಅವುಗಳ ಮಟ್ಟ ಕಟ್ಟಬೇಕು ಎಂದು ಅವರಿಗೆ ತಿಳಿದಿತ್ತು.

1990ರ ಸಮೀಕ್ಷೆಗೆ ಒಂದು ದೊಡ್ಡ ಕೊರತೆಯಿದೆ. ವಿದ್ಯಾರ್ಥಿಗಳು ಸಮರ್ಥರೇ ಎಂದು ಅದು ಕೇಳಿದ್ದು ವಿಭಾಗಗಳನ್ನೇ. ಹಾಲು ಗಟ್ಟಿಯೇ ಎಂದು ಹಾಲಿನವನನ್ನು ಕೇಳಿದ ಹಾಗೆ. ಹೊಸ ಪದವೀಧರನ ಕೈಗೆ ಒಂದು ಮಾಪನವನ್ನು ಕೊಟ್ಟು, ಇದು ಯಾರ ಮೇಲೆ ಸಿದ್ಧವಾದದ್ದು, ಯಾರ ಮೇಲೆ ಸಲ್ಲದು ಎಂದು ಕೇಳಿದ್ದರೆ ಉತ್ತರ ಇನ್ನೂ ಕಹಿಯಾಗಿರುತ್ತಿತ್ತೆಂದು ನಮ್ಮ ಊಹೆ. ಏಕನ್ ಮತ್ತು ವೆಸ್ಟ್, ರೋಜರ್ ಮಿಲ್ಸ್ಯಾಪ್ ಜೊತೆಗೂಡಿ 2008ರಲ್ಲಿ ಪ್ರಕಟಿಸಿದ ಎರಡನೆಯ ಸಮೀಕ್ಷೆಯೂ ಇದೇ ದಾರಿ ಹಿಡಿಯಿತು. 201 ವಿಭಾಗಗಳು ಉತ್ತರಿಸಿದವು. ಸಂಖ್ಯಾಶಾಸ್ತ್ರದಲ್ಲಿ ಸುಧಾರಣೆ ಕಂಡಿತು, ಮಾಪನದಲ್ಲಿ ತುಸುವೇ. ಎರಡಕ್ಕೂ ಸೇರಿ ಸಿಗುವ ತರಬೇತಿಯ ಮಧ್ಯಾಂಕ 1.6 ವರ್ಷ, ಅದರಲ್ಲಿ ಬಹುಪಾಲು ಪ್ರಾಥಮಿಕ ಪಾಠಕ್ಕೇ ಮೀಸಲು. ಸಂಶೋಧನಾ ವಿನ್ಯಾಸದ ಪಾಠ ಬಹುಮಟ್ಟಿಗೆ ನಿಂತ ನೀರಾಗಿದೆ ಎಂದು ಲೇಖಕರು ಆತಂಕಪಟ್ಟರು.

ಆ ಆತಂಕ ಉತ್ಪ್ರೇಕ್ಷೆಯಾಗಿರಲಿಲ್ಲ. 2011ರಲ್ಲಿ ಸಿಮನ್ಸ್, ನೆಲ್ಸನ್, ಸೈಮನ್‌ಸನ್ ಎಂಬ ಮೂವರು, ಬೀಟಲ್ಸ್ ತಂಡದ ಒಂದು ಹಾಡು ಕೇಳಿದ ವಿದ್ಯಾರ್ಥಿಗಳ ವಯಸ್ಸು ಸುಮಾರು ಒಂದೂವರೆ ವರ್ಷ ಕಡಿಮೆಯಾಯಿತೆಂದು ಅಂಕಿಗಳಿಂದಲೇ 'ಸಾಧಿಸಿ' ತೋರಿಸಿದರು. ಅವರು ಸುಳ್ಳು ಅಂಕಿ ಹಾಕಿರಲಿಲ್ಲ. ಬೇಕಾದಲ್ಲಿ ಮಾಹಿತಿ ಸಂಗ್ರಹ ನಿಲ್ಲಿಸುವುದು, ಅನುಕೂಲಕ್ಕೆ ಬಂದ ಅಂಶವನ್ನಷ್ಟೇ ಹೇಳುವುದು, ಇಂಥ ಚಾಲ್ತಿಯಲ್ಲಿದ್ದ ಸ್ವಾತಂತ್ರ್ಯಗಳನ್ನಷ್ಟೇ ಬಳಸಿದ್ದರು. ಈ ಸಡಿಲಿಕೆಯ ಅಪಾಯ ತೋರಿಸುವುದೇ ಅವರ ಉದ್ದೇಶ. 2015ರಲ್ಲಿ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ, ಮೂಲದಲ್ಲಿ ಶೇ. 97ರಷ್ಟು 'ಸಾರ್ಥಕ' ಎನಿಸಿದ್ದವು, ಮರುಪ್ರಯೋಗದಲ್ಲಿ ಶೇ. 36 ಮಾತ್ರ. ಮೂಲವೆಲ್ಲ ತಪ್ಪೆಂದು ಇದರ ಅರ್ಥವಲ್ಲ. ಆದರೆ ಪತ್ರಿಕೆಯಲ್ಲಿ ಅಚ್ಚಾದ ಅಂಕಿಯನ್ನು ಎಷ್ಟು ನಂಬಬಹುದೆಂಬ ಅಂದಾಜು ಬದಲಾಯಿತು.

ಕಲಿಸುವವರು ಎಲ್ಲಿಂದ ಬರಬೇಕು ಎಂಬುದು 2008ರ ಬರಹದ ಇನ್ನೊಂದು ಚಿಂತೆ. ಥರ್ಸ್ಟನ್ 1952ರಲ್ಲಿ ಉತ್ತರ ಕೆರೊಲಿನಾದ ಚಾಪೆಲ್ ಹಿಲ್‌ನಲ್ಲಿ ಕಟ್ಟಿದ ಮನೋಮಾಪನ ಪ್ರಯೋಗಾಲಯದಂಥ ಕಡೆ ಈ ವಿದ್ಯೆಯನ್ನೇ ಮುಖ್ಯವಾಗಿ ಓದುವವರಿದ್ದಾರೆ. ಆದರೆ ಒಂದು ವಿಭಾಗಕ್ಕೆ ಅಂಥ ಯುವ ಅಧ್ಯಾಪಕರನ್ನು ಕರೆತಂದು ಉಳಿಸಿಕೊಳ್ಳುವುದು ಸುಲಭವಲ್ಲ ಎಂದು ಲೇಖಕರೇ ಬರೆದಿದ್ದಾರೆ.