ಕಾಯುವವರ ಮೈ, ಹುರಿಯಾಳಿನ ಶೌರ್ಯ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಒಂದು ಗರುಡಗಂಬವಿದೆ. ಎರಡನೆಯ ವೀರಬಲ್ಲಾಳನ ಅಂಗರಕ್ಷಕನಾಗಿದ್ದ ಕುವರ ಲಕ್ಷ್ಮನ ನೆನಪಿಗೆ ನಿಂತ ಕಂಬ ಅದು. ಒಡೆಯ ತೀರಿಕೊಂಡ ಮೇಲೆ ತಾನೂ ಬದುಕಿರಬಾರದೆಂದು ವ್ರತ ತೊಟ್ಟ ಗರುಡರಲ್ಲಿ ಅವನೊಬ್ಬ. 1220ರ ಸುಮಾರಿಗೆ ಬಲ್ಲಾಳ ಸತ್ತಾಗ ಲಕ್ಷ್ಮ ಹೆಂಡತಿ ಮತ್ತು ಸಂಗಡಿಗರೊಡನೆ ಪ್ರಾಣ ಬಿಟ್ಟ. ತಮ್ಮ ತಲೆಯನ್ನು ತಾವೇ ಅರಿದುಕೊಳ್ಳುವ ವೀರರನ್ನು ಶಿಲ್ಪಿ ಅಲ್ಲಿ ಕೆತ್ತಿದ್ದಾನೆ. ಆ ವ್ರತ ಭಯಂಕರವಾದದ್ದು, ಅದನ್ನು ಹೊಗಳಲು ನನ್ನಿಂದಾಗದು. ಆದರೂ ದೊರೆಯ ಶೌರ್ಯದ ಹಿಂದೆ ಯಾರ ಮೈ ಇತ್ತೆಂಬುದನ್ನು ಆ ಕಾಲ ಮುಚ್ಚಿಡಲಿಲ್ಲ. ಇಂದಿನ ಚುನಾವಣಾ ಪ್ರಚಾರ ಮುಚ್ಚಿಡುತ್ತದೆ. ನನ್ನ ತಕರಾರು ಇರುವುದು ಅದರ ಮೇಲೆ.

2023ರ ಏಪ್ರಿಲ್ 30ರಂದು ಪ್ರಧಾನಿ ನರೇಂದ್ರ ಮೋದಿ ಬೇಲೂರಿನಲ್ಲಿ ಪ್ರಚಾರ ಸಭೆ ನಡೆಸಿದರು. ಅಂದೇ ಸಂಜೆ ಮೈಸೂರಿನ ರೋಡ್ ಶೋದಲ್ಲಿ ಹೂವಿನ ಜೊತೆಗೆ ಒಂದು ಮೊಬೈಲ್ ಕೂಡ ಅವರ ವಾಹನದ ಮೇಲೆ ಬಂದು ಬಿತ್ತು. ಪಕ್ಷದ ಕಾರ್ಯಕರ್ತೆಯೊಬ್ಬರು ಉತ್ಸಾಹದಲ್ಲಿ ಎಸೆದದ್ದು, ಕೆಟ್ಟ ಉದ್ದೇಶವಿರಲಿಲ್ಲ ಎಂದರು ಪೊಲೀಸರು. ಅದಕ್ಕೆ ಎರಡು ದಿನ ಮೊದಲು, ತುಮಕೂರು ಜಿಲ್ಲೆಯ ಕೊರಟಗೆರೆ ಕ್ಷೇತ್ರದಲ್ಲಿ, ಪ್ರಚಾರದ ನಡುವೆಯೇ ಕಲ್ಲೇಟು ಬಿದ್ದು ಕಾಂಗ್ರೆಸ್ ಅಭ್ಯರ್ಥಿ ಜಿ. ಪರಮೇಶ್ವರ ಅವರ ತಲೆಗೆ ಗಾಯವಾಯಿತು. ಗೆದ್ದ ಮೇಲೆ ಅವರೇ ಗೃಹ ಸಚಿವರಾದರು. ಹೂವು ಬರುವ ದಾರಿಯಲ್ಲೇ ಕಲ್ಲೂ ಬರುತ್ತದೆ. ಯಾವುದು ಬರುತ್ತಿದೆಯೆಂದು ಕಣ್ಣು ಮಿಟುಕಿಸುವುದರೊಳಗೆ ತಿಳಿಯಬೇಕಾದವನು ವಾಹನದ ಪಕ್ಕ ಓಡುವ ಪೇದೆ.

ತೆರೆದ ವಾಹನದಲ್ಲಿ ನಿಲ್ಲುವುದು, ಬ್ಯಾರಿಕೇಡ್ ದಾಟಿ ಜನರ ಕೈಕುಲುಕುವುದು, ಗನ್‌ಮ್ಯಾನ್‌ನನ್ನು ಹಿಂದಕ್ಕೆ ತಳ್ಳುವುದು: ಇವನ್ನು ನಾವು ಗಂಡೆದೆ ಎಂದು ಕರೆಯುತ್ತೇವೆ. ಕ್ರೇನಿನಿಂದ ಸೇಬಿನ ಹಾರ ಇಳಿಯುವಾಗ ಶಿಳ್ಳೆ ಹೊಡೆಯುತ್ತೇವೆ. 1991ರ ಮೇ 21ರ ರಾತ್ರಿ ಶ್ರೀಪೆರಂಬದೂರಿನಲ್ಲಿ ರಾಜೀವ್ ಗಾಂಧಿ ಜನರನ್ನು ಹತ್ತಿರ ಬಿಟ್ಟುಕೊಂಡದ್ದೂ ಇದೇ ಹಂಬಲದಿಂದ. ಪ್ರಧಾನಿ ಹುದ್ದೆ ಬಿಟ್ಟ ಮೇಲೆ ಅವರಿಗೆ ವಿಶೇಷ ರಕ್ಷಣಾ ಪಡೆಯ ಕಾವಲು ಇರಲಿಲ್ಲ. ಬಾಂಬು ಸಿಡಿದಾಗ ಅವರೊಡನೆ ಸತ್ತವರಲ್ಲಿ ಬಂದೋಬಸ್ತಿನ ಪೊಲೀಸರೂ ಇದ್ದರು. ರಾಜೀವರ ಹೆಸರು ದೇಶದ ತುಂಬ ಇದೆ. ಆ ಪೊಲೀಸರ ಹೆಸರು ನಮ್ಮಲ್ಲಿ ಎಷ್ಟು ಜನರ ಬಾಯಲ್ಲಿದೆ? ನಾಯಕನ ಧೈರ್ಯವನ್ನು ತೂಗುವಾಗ ಅವನ ಪಕ್ಕ ನಿಂತವರಿಗೆ ಆಯ್ಕೆಯೇ ಇರಲಿಲ್ಲ ಎಂಬುದನ್ನು ನಾವು ತಕ್ಕಡಿಗೆ ಹಾಕುವುದೇ ಇಲ್ಲ.

ಹಾಗೆಂದು ಕಾವಲು ಹೆಚ್ಚಿದಷ್ಟೂ ಒಳ್ಳೆಯದು ಎನ್ನಲಾರೆ. ಬೆದರಿಕೆ ಇರುವವರಿಗೆ ಕಾವಲು ಇರಲೇಬೇಕು. ಬೆದರಿಕೆಯಿಲ್ಲದೆಯೂ ಗನ್‌ಮ್ಯಾನ್ ಇಟ್ಟುಕೊಂಡು ತಿರುಗುವುದು ಅಂತಸ್ತಿನ ಪ್ರದರ್ಶನ, ಅದನ್ನು ಜನ ಒಪ್ಪಬಾರದು. ಕಾವಲು ಬೇರೆ, ಪ್ರದರ್ಶನ ಬೇರೆ ಎಂಬುದನ್ನು ನಿಯಮವೂ ಗುರುತಿಸುತ್ತದೆ: ಪ್ರಚಾರದ ವಾಹನಸಾಲಿನಲ್ಲಿ ಹತ್ತಕ್ಕಿಂತ ಹೆಚ್ಚು ವಾಹನ ಒಟ್ಟಿಗೆ ಹೋಗಬಾರದೆಂದು ಚುನಾವಣಾ ಆಯೋಗ ಹೇಳುತ್ತದೆ, ಭದ್ರತೆಯ ವಾಹನಗಳನ್ನು ಮಾತ್ರ ಆ ಲೆಕ್ಕದಿಂದ ಹೊರಗಿಡುತ್ತದೆ.

ಹಾಗಾದರೆ ನಾಯಕರ ಧೈರ್ಯ ಇರುವುದೆಲ್ಲಿ? 1978ರ ಉಪಚುನಾವಣೆಗೆ ಇಂದಿರಾ ಗಾಂಧಿ ಬೇಲೂರಿನ ನೆರೆಯ ಚಿಕ್ಕಮಗಳೂರಿಗೆ ಬಂದಾಗ ಅವರನ್ನು ಹೆಣ್ಣು ಸಿಂಹವೆಂದೂ ಎದುರಾಳಿಗಳನ್ನು ಕೋತಿಗಳೆಂದೂ ಕೂಗಿದ ಘೋಷಣೆ ದೇಶಕ್ಕೆಲ್ಲ ಹಬ್ಬಿತು. ನಿಜವಾದ ಧೈರ್ಯ ಆ ಘೋಷಣೆಯಲ್ಲಿರಲಿಲ್ಲ. ಹಿಂದಿನ ವರ್ಷವಷ್ಟೇ ರಾಯ್‌ಬರೇಲಿಯಲ್ಲಿ ಸೋತು, ತುರ್ತುಪರಿಸ್ಥಿತಿಯ ಸಿಟ್ಟನ್ನು ಹೊತ್ತು, ಗುರುತಿಲ್ಲದ ಊರಿನ ಮತದಾರರ ಮುಂದೆ ಮತ್ತೆ ಓಟು ಕೇಳಲು ನಿಂತದ್ದರಲ್ಲಿತ್ತು. ತುರ್ತುಪರಿಸ್ಥಿತಿಯನ್ನು ಒಪ್ಪದ ನಾನು ಇದನ್ನು ಒಪ್ಪುತ್ತೇನೆ.

ಅಂಥ ಎದೆಗಾರಿಕೆಗೆ ನಮ್ಮಲ್ಲಿ ಅವಕಾಶ ಬೇಕಾದಷ್ಟಿದೆ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆಯ ಧಾರಣೆ ಅದಕ್ಕಿಂತ ಕೆಳಗೆ ಕುಸಿದಿತ್ತು. ಅರಸೀಕೆರೆಯ ತೆಂಗು ಬೆಳೆಗಾರರ ನಡುವೆ ಬೆಂಬಲಿಗರಿಲ್ಲದೆ ಕುಳಿತು, ಬೆಂಬಲ ಬೆಲೆಗೆ ಕೊಬ್ಬರಿ ಕೊಳ್ಳುವ ನಫೆಡ್ ಸಂಸ್ಥೆಯ ಖರೀದಿಗೆ ತಾನು ಏನು ಮಾಡಿದೆ, ಏನು ಮಾಡಲಿಲ್ಲ ಎಂದು ಹುರಿಯಾಳು ಹೇಳಲಿ. ಕಾಡಾನೆಗಳ ಭಯದಲ್ಲಿ ಕಾಫಿ ತೋಟದ ಕೆಲಸಕ್ಕೆ ಹೊರಡುವ ಬಿಕ್ಕೋಡಿನ ಕೂಲಿ ಹೆಂಗಸರ ಮುಂದೆ ನಿಂತು ಬೈಗುಳ ಕೇಳಿಸಿಕೊಳ್ಳಲಿ. ಅಲ್ಲಿಗೂ ಪೊಲೀಸರು ಬರಲಿ, ಬಾಗಿಲಲ್ಲಿ ನಿಲ್ಲಲಿ. ಪ್ರಶ್ನೆ ಕೇಳುವವರನ್ನು ಮಾತ್ರ ತಡೆಯದಿರಲಿ.